ಗಂಟೆ, ಎರಡು ಸಲ

ಬೆಳಗಿನ ನಾಲ್ಕೂ ಹತ್ತು. ಪೊಜ್ನಾನಿನ ವಿಲ್ದಾ ಕೇರಿ
ಇನ್ನೂ ಹೊದಿಕೆ ಸರಿಸಿರುವುದಿಲ್ಲ,
ನಾವಿಬ್ಬರೂ ಮೆಟ್ಟಿಲಿಳಿಯುತ್ತೇವೆ.
ಅವನ ಹಿಂಗಾಲು ಸ್ವಲ್ಪ ಕುಂಟು, ನನ್ನ ಬಲಮಂಡಿಯೂ ಹಾಗೇ,
ಯಾರು ಯಾರಿಗಾಗಿ ನಿಧಾನಿಸುತ್ತೇವೋ ತಿಳಿಯದು.
ಶಾಜೀರಿಗೆಯ ಬಣ್ಣ, ಅದಕ್ಕೇ ಕ್ಮಿನೆಕ್.
ಹಿಮ ಕರಗಲು ಚೆಲ್ಲಿದ ಉಪ್ಪು ಪಾದ ಸುಡುತ್ತದೆಂದು
ಟಯರಂಗಡಿಯ ಹಿಂದಿನ ಖಾಲಿ ಜಾಗಕ್ಕೆ ಸುತ್ತು ಹಾಕುತ್ತೇವೆ.
ಬೇಗ, ಬೇಗ, ಅನ್ನುತ್ತೇನೆ.
ಅವನೋ ಒಂದೇ ಕಂಬವನ್ನು
ಬಾಡಿಗೆ ಮನೆ ನೋಡಲು ಬಂದವನಂತೆ
ಸುತ್ತಿ ಸುತ್ತಿ ಬರುತ್ತಾನೆ.
ಐದಕ್ಕೆ ನಾನು ಡಿಪೋದಲ್ಲಿರಬೇಕು.

ಅನಾಥ ನಾಯಿಗಳ ಮನೆಯಲ್ಲಿ
ಫಾರಂ ತುಂಬುತ್ತಿದ್ದ ಹೆಂಗಸು ತಲೆಯೆತ್ತದೆ ಕೇಳಿದ್ದಳು:
ದಿನಕ್ಕೆ ಎಷ್ಟು ತಾಸು ಒಂಟಿ ಇರುತ್ತಾನೆ?
ಐದು, ಅಂದೆ.
ನಾಲಿಗೆ ತಡವರಿಸಲೂ ಇಲ್ಲ.
ಒಂಬತ್ತೂವರೆ ಅಂದಿದ್ದರೆ
ಅವಳ ಪೆನ್ನು ಅಲ್ಲೇ ನಿಲ್ಲುತ್ತಿತ್ತು,
ತಂತಿಬಲೆಯ ಆಚೆ ಅವನೂ.

ನಾನು ಓಡಿಸುವ ಟ್ರಾಮು
ನನ್ನ ಮನೆಯ ಕೆಳಗೇ ಹಾಯುತ್ತದೆ,
ಪಾಳಿಗೆ ಹನ್ನೊಂದು ಬಾರಿ.
ಮೂರನೇ ಮಹಡಿಯ ಕಿಟಕಿ ಬಂದಾಗ
ಗಂಟೆ ಬಾರಿಸುತ್ತೇನೆ, ಎರಡು ಸಲ.
ಕಾರಣವಿಲ್ಲದೆ ಬಾರಿಸಕೂಡದು, ನಿಯಮ.
ಹಳಿಯ ಮೇಲೆ ಪಾರಿವಾಳ ಕೂತಿತ್ತು, ಅಂತ ಬರೆದುಕೊಟ್ಟೆ.
ದಿನಕ್ಕೆ ಹನ್ನೊಂದು ಪಾರಿವಾಳವೇ, ಅದೂ ಅದೇ ತಿರುವಿನಲ್ಲಿ?
ಮೇಲ್ವಿಚಾರಕ ಮಾತೆಲಾ ಕನ್ನಡಕದ ಮೇಲಿಂದ ನೋಡಿದ.

ಎದುರು ಬೇಕರಿಯ ಫೆಲಿತ್ಸ್ಯಾ ಹೇಳಿದ್ದಳು:
ನಿನ್ನ ಟ್ರಾಮು ಬಂತೆಂದರೆ ಪರದೆ ಅಲುಗುತ್ತದೆ ಕಣೇ,
ಎದ್ದು ನಿಂತು ನೋಡುತ್ತಾನೆ.
ಈ ಮಾತನ್ನು ಎರಡು ವರ್ಷ
ಡಿಪೋದ ಕ್ಯಾಂಟೀನಿನಲ್ಲಿ ಹೇಳಿಕೊಂಡು ಮೆರೆದೆ.
ನೂರು ಟ್ರಾಮಿನಲ್ಲಿ ನನ್ನದನ್ನು ಗುರುತಿಸುತ್ತಾನೆ,
ಚಕ್ರದ ಸದ್ದಿನಲ್ಲೇ.

ಒಂದು ಮಂಗಳವಾರ ಮಂಡಿ ಊದಿ
ಅರ್ಧ ಪಾಳಿಗೇ ಕಳಿಸಿದರು.
ಬೇಕರಿಯ ಗಾಜಿನ ಹಿಂದೆ ಕಾಫಿ ಹಿಡಿದು ಕೂತೆ,
ಸುಮ್ಮನೆ, ಮೇಲಿನ ಕಿಟಕಿ ನೋಡುತ್ತ.
ಟ್ರಾಮು ಬಂತು, ನನ್ನದಲ್ಲ, ಬೊಗುಶ್‌ನದು.
ಪರದೆ ಅಲುಗಿತು. ಎದ್ದ.
ಕೊನೆಯ ಡಬ್ಬಿ ಮರೆಯಾಗುವವರೆಗೂ ನೋಡಿದ, ಕೂತ.
ಏಳು ನಿಮಿಷಕ್ಕೆ ಇನ್ನೊಂದು. ಎದ್ದ.
ಅತ್ತಲಿಂದ ಬಂದದ್ದಕ್ಕೆ. ಇತ್ತಲಿಂದ ಬಂದದ್ದಕ್ಕೆ.
ಕುಂಟುಗಾಲು ಊರಿ, ಪ್ರತಿ ಸಲ.
ಹದಿನೇಳು ಎಣಿಸಿದೆ. ಕಾಫಿ ಆರಿತ್ತು.
ಬೀದಿಯಾಚೆ ಕೂತ ನನ್ನತ್ತ
ಒಮ್ಮೆಯೂ ಕಣ್ಣು ಹಾಯಿಸಲಿಲ್ಲ.
ನಾನು ಬರುವುದು ಹಳಿಯ ಮೇಲಲ್ಲವೇ.

ಗುರುತಿಸುತ್ತಿರಲಿಲ್ಲ, ಕಾಯುತ್ತಿದ್ದ.

ಯಾರೂ ಕೇಳದ ತುಂಡು ಪಾಳಿ ಕೇಳಿದೆ.
ಬೆಳಿಗ್ಗೆ ನಾಲ್ಕು ತಾಸು, ಸಂಜೆ ನಾಲ್ಕು,
ನಡುವಿನ ಹೊತ್ತು ಮನೆಯದು.
ದಿನ ಹರಿದು ಚಿಂದಿಯಾಗುತ್ತದಮ್ಮ, ಅಂದ ಮಾತೆಲಾ,
ಭತ್ಯೆಯೂ ಕಡಿಮೆ.
ಆಗಲಿ ಅಂದೆ. ಹೊಸ ಬೂಟು ಮುಂದಿನ ಚಳಿಗಾಲಕ್ಕೆ.
ಸಂಜೆಗೆ ಎರಡನೇ ಮಹಡಿಯ ಯಾಗೊದಾ,
ಹದಿನಾಲ್ಕರ ಹುಡುಗಿ, ನಮ್ಮ ಬೀಗದ ಕೈ ಅವಳ ಕೊರಳಲ್ಲಿ.
ವಾರಕ್ಕೆ ನಲವತ್ತು ಝ್ಲೋತಿ, ಮೇಲೆ
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಅವಳ ವರದಿ:
"ಉಚ್ಚೆ ಮೂರು. ಇನ್ನೊಂದು ಒಂದು, ಗಟ್ಟಿ.
ಬೆಕ್ಕಿಗೆ ಬೊಗಳಿ ಆಮೇಲೆ ನಾಚಿಕೊಂಡ."

ಕಳೆದ ವಾರ ಆ ಹೆಂಗಸಿಗೆ ಫೋನು ಮಾಡಿದೆ,
ಮೂರು ವರ್ಷ ತಡವಾಗಿ: ಅವತ್ತು ಸುಳ್ಳು ಹೇಳಿದ್ದೆ.
ಹಿಂದೆ ನಾಯಿಗಳ ಗದ್ದಲ. ಅವಳು ನಕ್ಕಳೋ, ಕೆಮ್ಮಿದಳೋ.
ಐದಕ್ಕಿಂತ ಹೆಚ್ಚು ಹೇಳಿದವರು ಇಲ್ಲಿಗೆ ಬಂದೇ ಇಲ್ಲ, ಅಂದಳು.
ಈಗೆಷ್ಟು?
ನಾಲ್ಕು. ಹಿಮ ಬಿದ್ದ ದಿನ ಐದು.
ಪೆನ್ನಿನ ಸದ್ದು ಕೇಳಿಸಿತು.

ಅವನು ಮಾತ್ರ ಇನ್ನೂ ಎಲ್ಲ ಟ್ರಾಮಿಗೂ ಏಳುತ್ತಾನೆ.
ಮಧ್ಯಾಹ್ನ ಅವನ ಪಕ್ಕದಲ್ಲೇ ನಾನು ಕೂತಿದ್ದರೂ
ಹಳಿ ಗುಡುಗಿದರೆ ನನ್ನ ತೊಡೆಯಿಂದೆದ್ದು
ನನ್ನನ್ನು ನೋಡಲು ಕಿಟಕಿಗೆ ಹೋಗುತ್ತಾನೆ.
ನಾನೂ ಗಂಟೆ ಬಿಟ್ಟಿಲ್ಲ.
ಪಾರಿವಾಳಗಳು, ಮಾತೆಲಾ, ಏನು ಮಾಡಲಿ.